ತುಳಸಿ, ವಿಹಾರ, ಕಾನ್ಹೇರಿ: ಬೊರಿವಲಿ ಕಾಡನ್ನು ನೀರಿನ ದಾರಿ ಹಿಡಿದು ನೋಡುವ ಬಗೆ

ಮುಂಬೈ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ ಒಂದು ದಿನ ಬೊರಿವಲಿಯ ನ್ಯಾಷನಲ್ ಪಾರ್ಕಿಗೆ ಮೀಸಲು. ಹತ್ತೂವರೆಗೆ ಗೇಟು, ಸಫಾರಿ ಟಿಕೆಟ್ಟಿಗೆ ಸಾಲು, ನೆತ್ತಿ ಸುಡುವ ಹೊತ್ತಿಗೆ ಕಾನ್ಹೇರಿ ಗುಹೆಗಳ ಮೆಟ್ಟಿಲು, ಮೂರು ಗಂಟೆಗೆ ವಾಪಸು. ಹೀಗೆ ಹೋದವರಿಗೆ ಕಾಣುವುದು ಕಾಡಿನ ಅಂಚು ಮಾತ್ರ. ಅದೇ ಒಂದು ದಿನವನ್ನು ಸರಿಯಾಗಿ ಬಳಸಿದರೆ ಎರಡು ಸಾವಿರ ವರ್ಷದ ಇತಿಹಾಸ, ನಗರದ ಕುಡಿಯುವ ನೀರಿನ ಕಥೆ, ಚಿರತೆಯ ಓಡಾಟದ ಗುರುತು ಮೂರನ್ನೂ ನೋಡಿ ಬರಬಹುದು. ಹೇಗೆ ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇವೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಎಂದು ಕರೆಯುವ ಈ ಸುಮಾರು 103 ಚದರ ಕಿಲೋಮೀಟರ್ ಕಾಡು ಇಷ್ಟು ದೊಡ್ಡ ನಗರದ ನಡುವೆ ಉಳಿದದ್ದಕ್ಕೆ ಮುಖ್ಯ ಕಾರಣ ಅದರೊಳಗಿನ ತುಳಸಿ, ವಿಹಾರ ಎಂಬ ಎರಡು ಕೆರೆಗಳು. ಕೆರೆಗೆ ನೀರು ಹರಿದು ಬರುವ ಗುಡ್ಡಗಳಲ್ಲಿ ಮನೆ, ಕಾರ್ಖಾನೆ ಎದ್ದರೆ ನಲ್ಲಿಗೆ ಕೊಳೆನೀರು ಬರುತ್ತದೆ. ಹಾಗಾಗಿ ಬ್ರಿಟಿಷರ ಕಾಲದಲ್ಲೇ ಈ ಜಲಾನಯನ ಪ್ರದೇಶಕ್ಕೆ ಯಾರೂ ಕೈ ಹಾಕದಂತೆ ಕಾಪಾಡಿಕೊಂಡರು. ನೀರಿಗಾಗಿ ಉಳಿಸಿದ ಗುಡ್ಡದಲ್ಲಿ ಮರ ಉಳಿಯಿತು, ಮರದ ಜೊತೆ ಜಿಂಕೆ, ಜಿಂಕೆಯ ಹಿಂದೆ ಚಿರತೆ. ಸಂರಕ್ಷಿತ ಕಾಡಾಗಿ ಮೊದಲು ಗುರುತಾದದ್ದು 20 ಚದರ ಕಿಲೋಮೀಟರಿನಷ್ಟು, ಕೃಷ್ಣಗಿರಿ ಎಂಬ ಹೆಸರಿನಲ್ಲಿ. 1969ರಲ್ಲಿ ಸುತ್ತಲ ಮೀಸಲು ಅರಣ್ಯಗಳು ಸೇರಿ ಈಗಿನ ವಿಸ್ತಾರಕ್ಕೆ ಬಂತು. ಆಮೇಲೆ ಬೊರಿವಲಿ ರಾಷ್ಟ್ರೀಯ ಉದ್ಯಾನವಾಗಿ, ಕೊನೆಗೆ ಈಗಿನ ಹೆಸರು ಪಡೆಯಿತು. ಆದ್ದರಿಂದ ಈ ಕಾಡನ್ನು ಅರ್ಥ ಮಾಡಿಕೊಳ್ಳಲು ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ನೋಡುವುದೇ ಒಳ್ಳೆಯ ದಾರಿ.

ಎರಡು ಕೆರೆಗಳ ಲೆಕ್ಕ

ವಿಹಾರ ಕೆರೆಯ ಕೆಲಸ ಶುರುವಾದದ್ದು 1856ರಲ್ಲಿ. 1860ರ ಹೊತ್ತಿಗೆ ಅಲ್ಲಿಂದ ಕೊಳವೆಯಲ್ಲಿ ನಗರಕ್ಕೆ ನೀರು ಹರಿಯಿತು. ಅದುವರೆಗೆ ಬಾವಿ, ಕೊಳಗಳನ್ನೇ ನಂಬಿದ್ದ ಮುಂಬೈಗೆ ಸಿಕ್ಕ ಮೊದಲ ಕೊಳವೆ ನೀರು ಅದು. ಅದೂ ಸಾಲದಾದಾಗ ಗುಡ್ಡದ ಇನ್ನೂ ಮೇಲಿನ ಕಣಿವೆಗೆ ಅಣೆ ಕಟ್ಟಿ 1879ರಲ್ಲಿ ತುಳಸಿ ಕೆರೆ ಮಾಡಿದರು.

ಎರಡರ ಎತ್ತರ ನೋಡಿ. ತುಳಸಿ ತುಂಬಿದಾಗ ನೀರಿನ ಮಟ್ಟ 139.17 ಮೀಟರ್, ವಿಹಾರದ್ದು 80.12 ಮೀಟರ್. ನಡುವೆ ಹತ್ತಿರ ಹತ್ತಿರ 59 ಮೀಟರ್ ವ್ಯತ್ಯಾಸ. ತುಳಸಿ ಕೋಡಿ ಬಿದ್ದರೆ ಆ ನೀರು ಯಾವ ಪಂಪಿನ ಹಂಗೂ ಇಲ್ಲದೆ ವಿಹಾರಕ್ಕೆ ಇಳಿಯುತ್ತದೆ. ವಿಹಾರ ಕೋಡಿ ಬಿದ್ದರೆ ಮಿಠಿ ನದಿ. ಕೆಳಗಿನ ಪೊವಾಯಿ ಕೆರೆಯ ಕೋಡಿಯೂ ಅದೇ ನದಿಗೆ ಸೇರಿ, ಕುರ್ಲಾ, ಬಾಂದ್ರಾ ದಾಟಿ ಮಾಹಿಮ್ ಖಾರಿಯಲ್ಲಿ ಸಮುದ್ರ ಕಾಣುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ಮಿಠಿ ಊರಿನೊಳಕ್ಕೆ ನುಗ್ಗಿದ್ದನ್ನು ಕಂಡವರಿಗೆ ಈ ಕಾಡಿನ ನೀರಿನ ದಾರಿ ಎಲ್ಲಿಯವರೆಗೆ ಚಾಚಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ತುಳಸಿಯಲ್ಲಿ ಹಿಡಿಯುವುದು ಸುಮಾರು 805 ಕೋಟಿ ಲೀಟರ್, ವಿಹಾರದಲ್ಲಿ ಸುಮಾರು 2,770 ಕೋಟಿ. ಇಂದು ಮುಂಬೈ ಒಂದು ದಿನಕ್ಕೆ ಕುಡಿಯುವ ನೀರು ಹೆಚ್ಚುಕಡಿಮೆ 390 ಕೋಟಿ ಲೀಟರ್. ಅಂದರೆ ತುಳಸಿ ಇಡೀ ನಗರದ ಎರಡು ದಿನದ ನೀರು, ವಿಹಾರ ಒಂದು ವಾರದ್ದು. ಈಗ ಭಾತ್ಸಾ, ತಾನ್ಸಾ, ವೈತರಣಾ ಅಣೆಕಟ್ಟುಗಳೇ ದೊಡ್ಡ ಪಾಲು ಕೊಡುತ್ತವೆ. ಆದರೂ ನಗರಕ್ಕೆ ನೀರು ಕೊಡುವ ಏಳು ಕೆರೆಗಳಲ್ಲಿ ನಗರದ ಮೇರೆಯೊಳಗೇ ಇರುವವು ಇವೆರಡೇ.

ಕುಡಿಯುವ ನೀರಿನ ಮೂಲವಾದ್ದರಿಂದ ಎರಡು ಕೆರೆಗಳ ದಡಕ್ಕೂ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಮಹಾನಗರಪಾಲಿಕೆಯ ಕಾವಲಿದೆ. ಗೋರೆಗಾಂವ್ ಕಡೆಯಿಂದ, ಆರೆ ಕಡೆಯಿಂದ ಕಳ್ಳದಾರಿ ಹಿಡಿದು ವಿಹಾರಕ್ಕೆ ಇಳಿಯುವ ಹುಡುಗರು ಪ್ರತಿ ಮಳೆಗಾಲದಲ್ಲೂ ಇರುತ್ತಾರೆ. ಹೋಗಲೇಬಾರದು. ಅಣೆ ಕಟ್ಟಿದ ಕಣಿವೆಯ ಕೆರೆಗೆ ಇಳಿಜಾರಿನ ದಡವಿರುವುದಿಲ್ಲ, ಎರಡು ಹೆಜ್ಜೆಗೇ ಆಳ ಸಿಗುತ್ತದೆ, ತಳದಲ್ಲಿ ಹೂಳು ಕಾಲು ಹಿಡಿಯುತ್ತದೆ. ಅದರ ಮೇಲೆ ತುಳಸಿ, ವಿಹಾರ, ಪೊವಾಯಿ ಮೂರರಲ್ಲೂ ಮೊಸಳೆಗಳಿವೆ. ಮೊಸಳೆ ನೋಡುವ ಆಸೆಯಿದ್ದರೆ ಚಳಿಗಾಲದ ಬೆಳಿಗ್ಗೆ ಪೊವಾಯಿ ದಂಡೆಯ ರಸ್ತೆಯಿಂದ ದುರ್ಬೀನು ಹಿಡಿದು ನೋಡಿ. ಮೈ ಕಾಯಿಸಲು ಅವು ದಡಕ್ಕೋ ಬಂಡೆಗೋ ಹತ್ತುವ ಹೊತ್ತು ಅದು.

ಹೊರಡುವ ಮುನ್ನ

ಸೋಮವಾರ ಉದ್ಯಾನವೂ ಕಾನ್ಹೇರಿಯೂ ಮುಚ್ಚಿರುತ್ತವೆ. ಭಾನುವಾರ ಜಾತ್ರೆ. ಮಂಗಳವಾರದಿಂದ ಶುಕ್ರವಾರದ ಒಳಗೆ ರಜೆ ಹಾಕಲು ಸಾಧ್ಯವಾದರೆ ಹಾಕಿ, ಲಾಭ ನಿಮ್ಮದೇ. ಭಾನುವಾರವೇ ಗತಿ ಎನ್ನುವವರು ಗೇಟು ತೆರೆಯುವ ಹೊತ್ತಿಗೆ, ಬೆಳಿಗ್ಗೆ ಏಳೂವರೆಯೊಳಗೆ ಅಲ್ಲಿರಬೇಕು. ಒಂಬತ್ತರ ನಂತರ ಹಕ್ಕಿಯ ಸದ್ದನ್ನು ಜನರ ಸದ್ದು ನುಂಗಿಬಿಡುತ್ತದೆ.

ಡೊಂಬಿವಲಿ, ಥಾಣೆ, ಮುಲುಂಡ್ ಕಡೆಯವರು ಮೊದಲ ಲೋಕಲ್ ಹಿಡಿದು ದಾದರ್‌ನಲ್ಲಿ ಬದಲಾಯಿಸಬಹುದು. ಹಾಗೆ ಸುತ್ತುವುದಕ್ಕಿಂತ ಥಾಣೆಯಿಂದ ಘೋಡ್‌ಬಂದರ್ ರಸ್ತೆಯ ಬಸ್ಸಿನಲ್ಲಿ ಬೊರಿವಲಿಗೆ ಬರುವುದು ಸಲೀಸು. ಬೊರಿವಲಿ ನಿಲ್ದಾಣದ ಪೂರ್ವದಲ್ಲಿ ಇಳಿದರೆ ಗೇಟಿಗೆ ಒಂದೂವರೆ ಕಿಲೋಮೀಟರಿನೊಳಗೆ, ರಿಕ್ಷಾ ಸಿಗುತ್ತದೆ. ಅಂಧೇರಿ ಕಡೆಯಿಂದ ಬರುವವರಿಗೆ ಮೆಟ್ರೊ 7ರಲ್ಲಿ ‘ರಾಷ್ಟ್ರೀಯ ಉದ್ಯಾನ’ ಎಂಬ ನಿಲ್ದಾಣವೇ ಇದೆ.

ಗೇಟಿನ ಟಿಕೆಟ್ಟು ಬೇರೆ, ಸಫಾರಿಯದ್ದು ಬೇರೆ, ಕಾನ್ಹೇರಿಯಲ್ಲಿ ಪುರಾತತ್ವ ಇಲಾಖೆಯ ಟಿಕೆಟ್ಟು ಮತ್ತೆ ಬೇರೆ. ದರ ಆಗಾಗ ಪರಿಷ್ಕರಣೆ ಆಗುವುದರಿಂದ ಹಿಂದಿನ ರಾತ್ರಿ ಅಧಿಕೃತ ಜಾಲತಾಣ ನೋಡಿಕೊಳ್ಳಿ. ಕಾನ್ಹೇರಿ ಗೇಟಿನಿಂದ ಸುಮಾರು ಆರು ಕಿಲೋಮೀಟರ್ ಒಳಗಿದೆ. ಒಳಗೆ ಓಡುವ ಬಸ್ಸಿನಲ್ಲಿ ಹೋಗಿ, ಇಳಿಯುವಾಗ ನಡೆದು ಬನ್ನಿ. ನಮ್ಮ ಸಲಹೆ ಇದೇ. ಹತ್ತುವಾಗ ನಡೆದವರು ಗುಹೆ ತಲುಪುವಷ್ಟರಲ್ಲಿ ಬಳಲಿ, ಮೇಲಿನ ಗುಹೆಗಳನ್ನು ನೋಡದೆ ಮರಳುತ್ತಾರೆ.

ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಗೇಟಿನಲ್ಲಿ ಚೀಲ ತಪಾಸಣೆ ಇರುತ್ತದೆ, ಬಳಸಿ ಬಿಸಾಡುವ ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ತಿಂಡಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿರಲಿ. ಚಿತ್ರಾನ್ನ, ಒಗ್ಗರಣೆ ಅವಲಕ್ಕಿ ಆದೀತು. ಬಾಳೆಹಣ್ಣು ಮತ್ತು ಚಿಪ್ಸ್ ಮಾತ್ರ ಬೇಡ, ಕಾರಣ ಮುಂದೆ ಹೇಳುತ್ತೇವೆ. ಹಿಡಿತವಿರುವ ಅಡಿಯ ಬೂಟು, ಕಾಲು ಪೂರ್ತಿ ಮುಚ್ಚುವ ಪ್ಯಾಂಟು, ಸೊಳ್ಳೆ ಮುಲಾಮು. ಬಟ್ಟೆ ಮಾಸಲು ಹಸಿರು, ಕಂದು ಅಥವಾ ಬೂದು. ಬಿಳಿ ಅಂಗಿಯನ್ನು ಹಕ್ಕಿಗಳು ದೂರದಿಂದಲೇ ಗಮನಿಸುತ್ತವೆ. ಹಕ್ಕಿ ನೋಡಲು ಎಂಟು ಪಟ್ಟು ದೊಡ್ಡದು ಮಾಡುವ 8×42 ದುರ್ಬೀನು ಸಾಕು, ಮರಗಳ ನಡುವಿನ ಅರೆಬೆಳಕಿಗೆ ಅದಕ್ಕಿಂತ ಹೆಚ್ಚು ದೊಡ್ಡದು ಮಾಡುವ ದುರ್ಬೀನು ಕೈನಡುಕವನ್ನೇ ದೊಡ್ಡದು ಮಾಡುತ್ತದೆ.

ಕಾನ್ಹೇರಿ: ಬಂಡೆಯಲ್ಲಿ ನೀರು ಹಿಡಿದವರು

ಬಸ್ಸು ಇಳಿದೊಡನೆ ಎದುರಿಗಿರುವ ಕಪ್ಪು ಬಂಡೆಗುಡ್ಡ ಆರು ಕೋಟಿ ವರ್ಷಗಳಿಗೂ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾದ ಕಾಲದ್ದು. ಅದರಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಕ್ರಿಸ್ತಪೂರ್ವ 1ನೆಯ ಶತಮಾನದಿಂದ ಕ್ರಿಸ್ತಶಕ 10ನೆಯ ಶತಮಾನದವರೆಗೆ ಹೆಚ್ಚುಕಡಿಮೆ ಒಂದು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ಬಾಳಿದರು. ಸೋಪಾರ, ಕಲ್ಯಾಣದಂಥ ಬಂದರುಗಳ ವ್ಯಾಪಾರಿಗಳು ದಾನ ಕೊಟ್ಟರು.

ಬಹುಪಾಲು ಜನ 3ನೆಯ ಗುಹೆ ನೋಡಿ ಫೋಟೊ ತೆಗೆದು ಇಳಿದುಬಿಡುತ್ತಾರೆ. ಕನಿಷ್ಠ ಮೂರು ಗಂಟೆ ಇಟ್ಟುಕೊಂಡು ಹೀಗೆ ನೋಡಿ.

ಮೊದಲು ಆ 3ನೆಯ ಗುಹೆಯೇ, ಚೈತ್ಯಗೃಹ, ಎಂದರೆ ಭಿಕ್ಷುಗಳ ಪ್ರಾರ್ಥನೆಯ ಗುಹೆ. ಪಡಸಾಲೆಯ ಎರಡು ತುದಿಗಳಲ್ಲಿ ಏಳು ಮೀಟರಿನಷ್ಟು ಎತ್ತರದ ನಿಂತ ಬುದ್ಧ. ಒಳಗೆ 34 ಕಂಬಗಳ ಸಾಲು, ಕೊನೆಯಲ್ಲಿ ಸ್ತೂಪ. ಕಂಬಗಳನ್ನು ಒಂದೊಂದಾಗಿ ನೋಡುತ್ತ ಬನ್ನಿ. ಕೆಲವಕ್ಕೆ ಕೆಳಗೆ ಕುಂಭ, ಮೇಲೆ ಆನೆ, ಸ್ತೂಪಪೂಜೆಯ ಕೆತ್ತನೆ ಇದೆ, ಉಳಿದವು ಬರೀ ಎಂಟು ಮೂಲೆಯ ಕಂಬಗಳಾಗಿ ಉಳಿದಿವೆ. ಕೆಲಸ ಎಲ್ಲಿಗೆ ನಿಂತಿತು ಎಂಬುದು ಕಲ್ಲಿನಲ್ಲೇ ಕಾಣುತ್ತದೆ. ಸಾತವಾಹನ ದೊರೆ ಯಜ್ಞಶ್ರೀ ಸಾತಕರ್ಣಿಯ ಕಾಲದ, 2ನೆಯ ಶತಮಾನದ ಶಾಸನವೂ ಇಲ್ಲಿದೆ.

ಆಮೇಲೆ 11ನೆಯ ಗುಹೆ, ದರ್ಬಾರ್ ಎಂದು ಕರೆಯುವ ದೊಡ್ಡ ಸಭಾಂಗಣ. ನೆಲದುದ್ದಕ್ಕೂ ಎರಡು ಉದ್ದನೆಯ ಕಲ್ಲಿನ ಜಗಲಿಗಳಿವೆ, ನೆಲದ ಬಂಡೆಯಲ್ಲೇ ಬಿಟ್ಟು ಕಡೆದವು. ಕನ್ನಡಿಗರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಇಲ್ಲಿನ ಶಕ 775ರ, ಅಂದರೆ ಕ್ರಿಸ್ತಶಕ 853ರ ಹೊತ್ತಿನ ಸಂಸ್ಕೃತ ಶಾಸನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಮಳಖೇಡದಿಂದ ಆಳಿದ ಅದೇ ನೃಪತುಂಗ. ಕೊಂಕಣವನ್ನು ಅವನ ಕೈಕೆಳಗೆ ನೋಡಿಕೊಳ್ಳುತ್ತಿದ್ದವನು ಶಿಲಾಹಾರ ಕಪರ್ದಿ. ದಾನ ಕೊಟ್ಟವನು ದೂರದ ಗೌಡ ದೇಶದ, ಎಂದರೆ ಬಂಗಾಳದ ಬೌದ್ಧ ಭಕ್ತ. ಗುಡ್ಡದ ಹೆಸರು ಕೃಷ್ಣಗಿರಿ ಎಂದಿದೆ. 843ರಿಂದ 877ರ ನಡುವೆ ಅಮೋಘವರ್ಷನನ್ನು ಹೆಸರಿಸುವ ಮೂರು ಶಾಸನಗಳು ಈ ಗುಡ್ಡದಲ್ಲಿವೆ, ಮೊದಲನೆಯದು 78ನೆಯ ಗುಹೆಯಲ್ಲಿ. ಜೈನರಿಗೆ ಒಲಿದಿದ್ದ ದೊರೆಯ ಆಳ್ವಿಕೆಯಲ್ಲಿ ಬೌದ್ಧ ವಿಹಾರಕ್ಕೆ ಬಂಗಾಳದವನ ದಾನ, ಅದಕ್ಕೆ ಶಿಲಾಹಾರರ ರಕ್ಷಣೆ. ಊರಿನಿಂದ ಬಂದ ಮಕ್ಕಳಿಗೆ ಪಾಠದಲ್ಲಿ ಓದಿದ ಹೆಸರು ಬೊರಿವಲಿಯ ಬಂಡೆಯ ಮೇಲೆ ಸಿಗುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಮುಂಬೈಯಲ್ಲಿ ಇಲ್ಲ.

ಇನ್ನು ನೀರು. ಇದನ್ನು ನೋಡಲು ಗುಹೆಯ ಒಳಗಿಗಿಂತ ಹೊರಗೆ ಗಮನ ಕೊಡಬೇಕು. ಯಾವುದಾದರೂ ಚಿಕ್ಕ ವಿಹಾರದ, ಎಂದರೆ ಭಿಕ್ಷುಗಳು ವಾಸವಿದ್ದ ಗುಹೆಯ, ಮುಂದೆ ನಿಂತು ಹಣೆಯ ಮೇಲಿನ ಬಂಡೆ ನೋಡಿ. ಬೆರಳಗಲದ ಕಾಲುವೆಯೊಂದು ಓರೆಯಾಗಿ ಓಡಿರುತ್ತದೆ, ಮೇಲಿನಿಂದ ಹರಿಯುವ ಮಳೆನೀರು ಬಾಗಿಲಿಗೆ ಸುರಿಯದಂತೆ ಪಕ್ಕಕ್ಕೆ ತಿರುಗಿಸಲು. ಅದೇ ಕಾಲುವೆಯನ್ನು ಕಣ್ಣಿನಿಂದ ಹಿಂಬಾಲಿಸಿದರೆ ಅಂಗಳದ ಒಂದು ಮೂಲೆಯಲ್ಲಿ, ನೆಲಮಟ್ಟದಲ್ಲಿ, ಚೌಕಾಕಾರದ ಬಾಯಿ ಸಿಗುತ್ತದೆ. ಬಾಯಿ ಚಿಕ್ಕದು, ಒಳಗೆ ಬಂಡೆ ಕೊರೆದ ತೊಟ್ಟಿ ದೊಡ್ಡದು. ಬಾಯಿ ಚಿಕ್ಕದಾದರೆ ಬಿಸಿಲು ಒಳಗೆ ಬೀಳುವುದಿಲ್ಲ, ಪಾಚಿ ಬೆಳೆಯುವುದಿಲ್ಲ, ಬೇಸಿಗೆಯವರೆಗೂ ನೀರು ಆರುವುದಿಲ್ಲ. ತೊಟ್ಟಿ ತುಂಬಿದರೆ ಹೆಚ್ಚಾದದ್ದು ಇನ್ನೊಂದು ಕಾಲುವೆಯಲ್ಲಿ ಕೆಳಗಿನ ಗುಹೆಯ ತೊಟ್ಟಿಗೆ. ಗುಹೆ ಕೊರೆಸಿದಂತೆ ತೊಟ್ಟಿ ಕೊರೆಸುವುದೂ ದಾನ, ಶಾಸನಗಳಲ್ಲಿ ಅದನ್ನು ‘ಪೋಢಿ’ ಎಂದು ಬೇರೆಯಾಗಿಯೇ ಹೇಳುತ್ತಾರೆ. ಮಳೆ ಬರುವುದು ನಾಲ್ಕು ತಿಂಗಳು, ಬಾಳಬೇಕಾದ್ದು ಹನ್ನೆರಡು ತಿಂಗಳು ಎಂಬ ಲೆಕ್ಕವನ್ನು ತುಳಸಿ ಕೆರೆಗೂ ಎಷ್ಟೋ ಶತಮಾನ ಮೊದಲು ಇದೇ ಗುಡ್ಡದಲ್ಲಿ ಬಿಡಿಸಿದ್ದರು. ತೊಟ್ಟಿಗಳ ಬಾಯಿಗೆ ಎಲ್ಲ ಕಡೆ ಕಟಕಟೆ ಇಲ್ಲ. ಮಕ್ಕಳ ಕೈ ಬಿಡಬೇಡಿ.

ಹೊತ್ತಿದ್ದರೆ 34ನೆಯ ಗುಹೆಯ ಚಾವಣಿಯಲ್ಲಿ ಪೂರ್ತಿಯಾಗದ ಬುದ್ಧನ ಚಿತ್ರ, 41ರಲ್ಲಿ ಹನ್ನೊಂದು ತಲೆಯ ಅವಲೋಕಿತೇಶ್ವರ, 90ರಲ್ಲಿ ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯ ಬರಹ ನೋಡಿ. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದ ಪಾರಸಿಗಳು ತಮ್ಮ ಹೆಸರುಗಳನ್ನು ಕೊರೆದು ಹೋಗಿದ್ದಾರೆ. ನೀವು ಹಾಗೆ ಮಾಡಬೇಡಿ, ಈಗ ಅದು ಶಿಕ್ಷಾರ್ಹ ಅಪರಾಧ.

ಇಲ್ಲಿ ಆಗುವ ಅಪಾಯಗಳಲ್ಲಿ ಮುಖ್ಯವಾದದ್ದು ಜಾರುವುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಂಡೆಯ ಮೇಲೆ ಕಪ್ಪು ಪಾಚಿ ಇರುತ್ತದೆ, ಒಣಗಿದಂತೆ ಕಂಡರೂ ನೆರಳಿನ ಕಡೆ ಒಣಗಿರುವುದಿಲ್ಲ. ಕಡೆದ ಮೆಟ್ಟಿಲುಗಳ ನಡುಭಾಗ ಸವೆದು ಬಟ್ಟಲಾಗಿದೆ, ಅಂಚಿನಲ್ಲಿ ಕಾಲಿಡಿ. ಇಳಿಯುವಾಗ ಪಾದ ಅಡ್ಡಲಾಗಿ ಇಡಿ. ಗುಹೆಗಳ ನಡುವಿನ ಹಳ್ಳಕ್ಕೆ ಮಳೆಗಾಲದಲ್ಲಿ ಇಳಿಯಬೇಡಿ. ನೆತ್ತಿಯ ಮೇಲೆ ಬಿಸಿಲಿದ್ದಾಗಲೇ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಹತ್ತು ನಿಮಿಷದಲ್ಲಿ ಕೆಳಗೆ ಬರುತ್ತದೆ. ಬಂಡೆಯ ಸೂರಿನಡಿ ನೇತಾಡುವ ಹೆಜ್ಜೇನಿನ ಹುಟ್ಟುಗಳ ಕಡೆಗೂ ಒಂದು ಕಣ್ಣಿರಲಿ. ಕೆಳಗೆ ಹೊಗೆ, ಕಿರುಚಾಟ, ಗಾಢ ಸೆಂಟು ಯಾವುದೂ ಬೇಡ.

ಇಳಿದು ಬರುವ ದಾರಿಯಲ್ಲಿ ಕಾಡು ಓದುವುದು

ಕಾನ್ಹೇರಿಯಿಂದ ಗೇಟಿನವರೆಗಿನ ಟಾರು ರಸ್ತೆ ಅವಸರವಿಲ್ಲದೆ ನಡೆದರೆ ಎರಡರಿಂದ ಎರಡೂವರೆ ಗಂಟೆ. ತುಳಸಿಯ ಆಸುಪಾಸಿನಲ್ಲಿ ಹುಟ್ಟುವ ದಹಿಸರ್ ನದಿ ಉದ್ಯಾನದೊಳಗೇ ಹರಿದು ಬರುತ್ತದೆ. ಹೊರಗೆ ಕೊಚ್ಚೆಯಾಗಿ ಕಾಣುವ ಅದೇ ನದಿ ಇಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿ. ನೂರು ಹೆಜ್ಜೆ ನಡೆದು ಎರಡು ನಿಮಿಷ ನಿಲ್ಲಿ, ಮತ್ತೆ ನಡೆಯಿರಿ. ಕಾಡು ನೋಡುವ ವಿದ್ಯೆಯಲ್ಲಿ ಅರ್ಧ ಈ ನಿಲ್ಲುವುದರಲ್ಲೇ ಇದೆ. ನಡೆಯುವವನ ಹೆಜ್ಜೆ ಕೇಳಿ ಪ್ರಾಣಿ ಅಡಗುತ್ತದೆ, ನಿಂತಾಗ ಮರಳಿ ತನ್ನ ಕೆಲಸಕ್ಕೆ ತೊಡಗುತ್ತದೆ.

ಮರಗಳಲ್ಲಿ ಹೆಚ್ಚಿನವು ನಮ್ಮವರಿಗೆ ಗೊತ್ತಿರುವವೇ. ತೇಗ, ಮುತ್ತುಗ, ಬೂರುಗ, ಹಾಲಿವಾಣ, ಹಿಪ್ಪೆ, ಕದಂಬ, ಬಿದಿರು. ಇದು ಎಲೆ ಉದುರಿಸುವ ಕಾಡು. ಮಾರ್ಚಿಯಲ್ಲಿ ಬಂದು ‘ಕಾಡೆಲ್ಲ ಒಣಗಿಹೋಗಿದೆ’ ಎಂದು ಬೇಸರಪಡುವವರಿದ್ದಾರೆ. ಎಲೆ ಉದುರಿಸುವುದು ಬೇಸಿಗೆಯಲ್ಲಿ ನೀರು ಉಳಿಸುವ ಮರದ ಉಪಾಯ. ಹಕ್ಕಿ ನೋಡಲು ಅದೇ ಒಳ್ಳೆಯ ಕಾಲ. ಹೂ ತುಂಬಿದ ಒಂದು ಬೂರುಗದ ಕೆಳಗೆ ಅರ್ಧ ಗಂಟೆ ಕೂತರೆ ಕಾಜಾಣ, ಭೀಮರಾಜ, ಗಿಳಿ, ಪಿಕಳಾರ, ಸೂರಕ್ಕಿ ಸಾಲುಸಾಲಾಗಿ ಬರುತ್ತವೆ.

ಚುಕ್ಕೆ ಜಿಂಕೆ, ಮುಸುವ, ಕೆಂಪು ಮೂತಿಯ ಕೋತಿ ಸುಲಭವಾಗಿ ಕಾಣುತ್ತವೆ. ಕಡವೆ, ಕಾಡುಕುರಿ, ಮುಳ್ಳುಹಂದಿ, ಪುನುಗು ಬೆಕ್ಕುಗಳಿವೆ, ಹಗಲಿನಲ್ಲಿ ಕಾಣಸಿಗುವುದು ಅದೃಷ್ಟ. ಮುಸುವಗಳ ಗುಂಪಿನ ಕೆಳಗೆ ಜಿಂಕೆ ಇದೆಯೇ ನೋಡಿ. ಮೇಲಿಂದ ಮುಸುವ ಬೀಳಿಸಿದ ಎಲೆ, ಕಾಯಿ ಜಿಂಕೆಗೆ ಆಹಾರ. ಮುಸುವಕ್ಕೆ ದೂರದವರೆಗೆ ಕಣ್ಣು, ಜಿಂಕೆಗೆ ಚುರುಕು ಮೂಗು. ಮರದ ಮೇಲಿಂದ ಖಕ್ ಖಕ್ ಎಂದು ಕೆಮ್ಮಿದಂಥ ಕೂಗು ಬಿಡದೆ ಬಂದರೆ, ಅದರ ಬೆನ್ನಿಗೇ ಜಿಂಕೆ ಬಾಲ ನಿಮಿರಿಸಿ ಕೂಗಿದರೆ, ಹತ್ತಿರದಲ್ಲಿ ಚಿರತೆ ಇರಬಹುದು. ಒಂದೇ ಒಂದು ಕೂಗು ಕೇಳಿ ನಿಂತುಹೋದರೆ ಅದಕ್ಕೆ ಅಷ್ಟು ಬೆಲೆಯಿಲ್ಲ.

ಕೆಸರಿನಲ್ಲಿ, ಮಣ್ಣುದಾರಿಯಲ್ಲಿ ಹೆಜ್ಜೆ ಹುಡುಕಿ. ನಾಯಿಯದೋ ಚಿರತೆಯದೋ ತಿಳಿಯಲು ಮೂರು ಸಂಗತಿ ಸಾಕು. ನಾಯಿಯ ಹೆಜ್ಜೆಯಲ್ಲಿ ಉಗುರಿನ ತುದಿ ಮೂಡುತ್ತದೆ, ಚಿರತೆ ಉಗುರನ್ನು ಒಳಗೆಳೆದು ನಡೆಯುವುದರಿಂದ ಮೂಡುವುದಿಲ್ಲ. ಚಿರತೆಯ ಹಿಮ್ಮಡಿ ಗುರುತಿನ ಹಿಂಬದಿಯಲ್ಲಿ ಮೂರು ಉಬ್ಬು ಕಾಣುತ್ತವೆ. ಅಗಲ ಸಾಮಾನ್ಯವಾಗಿ 6ರಿಂದ 8 ಸೆಂಟಿಮೀಟರ್. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ನಾಣ್ಯ ಇಡಿ, ಇಲ್ಲವಾದರೆ ಮನೆಗೆ ಬಂದು ನೋಡಿದಾಗ ಅಳತೆ ಹತ್ತುವುದಿಲ್ಲ.

ಚಿರತೆಯ ಜೊತೆ ಬಾಳುವುದು

ಪ್ರಾಣಿ ಎದುರು ದಾಟಿದರೆ ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು ಮಾಡಿದ ಅಧ್ಯಯನದಲ್ಲಿ 2015ರಲ್ಲಿ ಉದ್ಯಾನ ಮತ್ತು ಸುತ್ತಲಲ್ಲಿ 35 ಚಿರತೆ, 2018ರಲ್ಲಿ 47 ಎಂದು ವರದಿಯಾಯಿತು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಚಿರತೆ ಇರಲು ಕಾಡಿನ ಜಿಂಕೆ ಒಂದು ಕಾರಣ, ಅಂಚಿನ ವಸತಿಗಳ ಬೀದಿನಾಯಿ ಇನ್ನೊಂದು. ಕಸ ಹೆಚ್ಚಿದ ಕಡೆ ನಾಯಿ ಹೆಚ್ಚು, ನಾಯಿ ಹೆಚ್ಚಿದ ಕಡೆ ಚಿರತೆ ಬರುತ್ತದೆ. ಮುಲುಂಡ್, ಥಾಣೆ, ಗೋರೆಗಾಂವ್‌ನ ಕಾಡಂಚಿನ ಸೊಸೈಟಿಗಳಲ್ಲಿ ಇರುವವರು ಮೊದಲು ಮಾಡಬೇಕಾದ ಕೆಲಸ ಗೋಡೆ ಎತ್ತರಿಸುವುದಲ್ಲ, ಕಸದ ತೊಟ್ಟಿಗೆ ಮುಚ್ಚಳ ಹಾಕುವುದು.

2004ರ ಜೂನ್‌ನಲ್ಲಿ ಈ ಕಾಡಿನ ಸುತ್ತ ಒಂದೇ ತಿಂಗಳಲ್ಲಿ ಚಿರತೆ ದಾಳಿಗೆ ಹಲವರು ಸತ್ತರು. ಬೇರೆ ಕಡೆ ಬೋನಿಗೆ ಬಿದ್ದ ಚಿರತೆಗಳನ್ನು ಇಲ್ಲಿ ತಂದು ಬಿಡುತ್ತಿದ್ದದ್ದು ಪರಿಸ್ಥಿತಿಯನ್ನು ಕೆಡಿಸಿತು ಎಂದು ಆಮೇಲಿನ ಸಂಶೋಧನೆ ತೋರಿಸಿತು. ಒಂದೊಂದು ಚಿರತೆಗೂ ತನ್ನದೇ ಸರಹದ್ದು ಇದೆ, ತನ್ನ ನೆಲದಲ್ಲಿ ಜನರನ್ನು ತಪ್ಪಿಸಿಕೊಂಡು ಓಡಾಡುವ ದಾರಿ ಅದಕ್ಕೆ ಗೊತ್ತು. ಗೊತ್ತಿಲ್ಲದ ನೆಲಕ್ಕೆ ತಂದು ಬಿಟ್ಟ ಪ್ರಾಣಿಗೆ ಅದು ಗೊತ್ತಿಲ್ಲ. ಆದ್ದರಿಂದ ಸೊಸೈಟಿಯ ಕ್ಯಾಮೆರಾದಲ್ಲಿ ರಾತ್ರಿ ಚಿರತೆ ದಾಟಿ ಹೋದದ್ದು ಕಂಡೊಡನೆ ‘ಹಿಡಿದು ಒಯ್ಯಿರಿ’ ಎಂದು ಒತ್ತಾಯಿಸಬೇಡಿ. ಸಮಸ್ಯೆ ಅಲ್ಲಿಂದಲೇ ಶುರುವಾಗುತ್ತದೆ.

ಕಾಡಿನೊಳಗಿನ ಪಾಡಾ ಎಂಬ ಪುಟ್ಟ ಹಾಡಿಗಳಲ್ಲಿ ಬಾಳುವ ವಾರ್ಲಿ ಮೊದಲಾದ ಆದಿವಾಸಿಗಳು ಹುಲಿ, ಚಿರತೆಯ ರೂಪದ ದೇವರು ವಾಘೋಬಾನನ್ನು ಪೂಜಿಸುತ್ತಾರೆ. ತುಳುನಾಡಿನ ಪಿಲಿಚಾಮುಂಡಿ, ಮಲೆನಾಡಿನ ಹುಲಿದೇವರನ್ನು ಬಲ್ಲವರಿಗೆ ಈ ಭಯಭಕ್ತಿ ಹೊಸದಲ್ಲ. ಪಾಡಾಗಳು ಜನರ ಮನೆಗಳು. ಕೇಳದೆ ಒಳಗೆ ಹೋಗುವುದು, ಹೆಂಗಸರ, ಮಕ್ಕಳ ಫೋಟೊ ತೆಗೆಯುವುದು ಸಲ್ಲದು.

ಎದುರೆದುರೇ ಚಿರತೆ ಕಂಡರೆ ಓಡಬೇಡಿ, ಬಗ್ಗಬೇಡಿ, ಕೂರಬೇಡಿ. ನಿಂತ ಮನುಷ್ಯನ ಎತ್ತರ ಅದರ ಬೇಟೆಯ ಎತ್ತರವಲ್ಲ, ಬಗ್ಗಿದವನು, ಕೂತವನು, ಚಿಕ್ಕ ಮಗು ಬೇಟೆಯಂತೆ ಕಾಣುತ್ತಾರೆ. ಮಗುವಿದ್ದರೆ ಬೆನ್ನು ಬಾಗಿಸದೆ ಎತ್ತಿಕೊಳ್ಳಿ. ಅದಕ್ಕೆ ಹೋಗಲು ದಾರಿ ಬಿಟ್ಟು, ಮುಖ ಅದರ ಕಡೆಗೇ ಇರುವಂತೆ ಹಿಂದೆ ಸರಿಯಿರಿ. ಗುಂಪುಗೂಡಿ ಸುತ್ತುವರಿದರೆ ಅದು ಮೈಮೇಲೆ ಬೀಳುವ ಸಾಧ್ಯತೆ ಹೆಚ್ಚು. ಕಾಡಂಚಿನಲ್ಲಿ ಮುಸ್ಸಂಜೆ ಒಬ್ಬರೇ ನಡೆಯಬೇಕಾದರೆ ಕೈಯಲ್ಲಿ ಟಾರ್ಚು, ಮೊಬೈಲಿನಲ್ಲಿ ಗಟ್ಟಿಯಾಗಿ ಹಾಡು ಇರಲಿ. ಕಾಡಿನೊಳಗೆ ಬೇಡವೆಂದ ಸದ್ದು ಇಲ್ಲಿ ಬೇಕು, ನೀವು ಬರುತ್ತಿದ್ದೀರಿ ಎಂದು ಅದಕ್ಕೆ ಮುಂಚೆಯೇ ತಿಳಿಯುತ್ತದೆ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926.

ಯಾವ ತಿಂಗಳು ಏನು

ಮೇ ಕೊನೆಯಿಂದ ಜೂನ್ ಮೊದಲ ಮಳೆಯ ಹೊತ್ತಿಗೆ ನವರಂಗ ಬರುತ್ತದೆ, ಬೆಳಗಿನ ಜಾವ ಎರಡು ಸ್ವರದ ಸಿಳ್ಳೆಯಿಂದ ಗೊತ್ತಾಗುತ್ತದೆ. ಮರದ ಮೇಲೆ ಹುಡುಕಬೇಡಿ, ಎಲೆ ಬಿದ್ದ ನೆಲ ನೋಡಿ. ಜುಲೈ, ಆಗಸ್ಟ್ ಹಸಿರಿನ ಕಾಲ. ನೀರು ಹರಿಯುವ ಕಣಿವೆಗಳಲ್ಲಿ ಸಿಳ್ಳಾರ ಹಾಡುವುದನ್ನು ಕೇಳಬಹುದು, ಆದರೆ ಹಕ್ಕಿ ಕಣ್ಣಿಗೆ ಬೀಳುವುದು ಕಷ್ಟ. ಸೆಪ್ಟೆಂಬರ್‌ನಲ್ಲಿ ಗೌರಿ ಹೂ, ಬಂಡೆಗಳ ಮೇಲೆ ಚಿಕ್ಕ ಚಿಕ್ಕ ಹೂಗಳ ಹಾಸು. ಕಾರ್ವಿ ಎಂಟು ವರ್ಷಕ್ಕೊಮ್ಮೆ ಗುಂಪಾಗಿ ಹೂ ಬಿಟ್ಟು, ಬೀಜ ಉದುರಿಸಿ, ಸಾಯುವ ಪೊದೆ. ಇಲ್ಲಿ 2016ರಲ್ಲಿ, ಆಮೇಲೆ 2024ರಲ್ಲಿ ಅರಳಿತು, ಮುಂದಿನ ದೊಡ್ಡ ಸುಗ್ಗಿ 2032. ನಡುವಿನ ವರ್ಷಗಳಲ್ಲೂ ಅಲ್ಲೊಂದು ಇಲ್ಲೊಂದು ಅರಳುವುದುಂಟು.

ಅಕ್ಟೋಬರ್, ನವೆಂಬರ್ ಚಿಟ್ಟೆಗಳ ತಿಂಗಳು. ಮಹಾರಾಷ್ಟ್ರದ ರಾಜ್ಯಚಿಟ್ಟೆ ನೀಲಿ ಮಾರ್ಮನ್ ಹಳ್ಳದ ದಾರಿಗಳಲ್ಲಿ ಹಾರಾಡುತ್ತದೆ. ಒದ್ದೆ ಮರಳಿನ ಬಳಿ ನಿಂತರೆ ಗುಂಪುಗುಂಪಾಗಿ ಕೂತು ಉಪ್ಪು ಹೀರುವ ಚಿಟ್ಟೆಗಳು ಸಿಗುತ್ತವೆ. ಬೆಳಿಗ್ಗೆ ಒಂಬತ್ತರ ಮೊದಲು ಹೋಗಿ ಪ್ರಯೋಜನವಿಲ್ಲ, ರೆಕ್ಕೆ ಬಿಸಿಯಾಗದೆ ಅವು ಹಾರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಹಕ್ಕಿ ನೋಡುವವರಿಗೆ. ಬಾಲದಂಡೆ, ನೊಣಹಿಡುಕಗಳು, ಸರ್ಪಹದ್ದು, ಹಸಿರು ಪಾರಿವಾಳ, ಬೂದು ಮಂಗಟ್ಟೆ. ಏಪ್ರಿಲ್, ಮೇಯಲ್ಲಿ ಹತ್ತು ಗಂಟೆಯ ಮೇಲೆ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಕೋತಿ, ಹಾವು, ಹಳ್ಳ

ಕೋತಿ ಕೈಯಲ್ಲಿರುವ ಪೊಟ್ಟಣದ ಸದ್ದು, ಬಾಳೆಹಣ್ಣಿನ ವಾಸನೆ ಎರಡನ್ನೂ ಬಲ್ಲದು. ಬಾಳೆಹಣ್ಣು, ಚಿಪ್ಸ್ ಬೇಡವೆಂದದ್ದು ಅದಕ್ಕೇ. ಕಿತ್ತುಕೊಳ್ಳಲು ಬಂದರೆ ಎಳೆದಾಡದೆ ಬಿಟ್ಟುಬಿಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಕಾಣುವಂತೆ ನಗಬೇಡಿ, ಅದಕ್ಕೆ ಅದು ಬೆದರಿಕೆ. ಕಚ್ಚಿದರೆ, ಪರಚಿದರೂ ಸರಿ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ರೇಬಿಸ್ ಚುಚ್ಚುಮದ್ದಿಗೆ ಹೋಗಬೇಕು. ಶನಿವಾರ, ಹಬ್ಬ ಎಂದು ಕೋತಿಗೆ ಉಣಿಸುವ ಭಕ್ತಿ ಕೋತಿಗೇ ಮುಳುವು. ರಸ್ತೆಗೆ ಬಂದು ಕಾಯುವುದನ್ನು ಕಲಿತು ಗಾಡಿಯಡಿ ಸಿಕ್ಕಿ ಸಾಯುತ್ತವೆ.

ನಾಗರ, ಕೊಳಕುಮಂಡಲ, ಗರಗಸಮಂಡಲ, ಬಿದಿರಿನ ಮೇಲೆ ಹಸಿರು ಮಂಡಲ ಇಲ್ಲಿವೆ. ದಾರಿ ಬಿಟ್ಟು ಹುಲ್ಲಿಗೆ ಇಳಿಯದಿದ್ದರೆ, ಕಲ್ಲಿನ ಸಂದಿಗೆ ಕೈ ಹಾಕದಿದ್ದರೆ ಹೆಚ್ಚಿನ ಅಪಾಯವಿಲ್ಲ. ಕಚ್ಚಿದರೆ ಗಾಯ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ, ಬೂಟು ಕಳಚಿ, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ನಡೆಸದೆ ಹೊತ್ತು ವಾಹನಕ್ಕೆ ತಂದು, ವಿಷನಿರೋಧಕ ಇರುವ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ.

ಮಳೆಗಾಲದಲ್ಲಿ ದಹಿಸರ್ ನದಿಯ ಮಡುಗಳಲ್ಲಿ ಆಡುವುದು ನೋಡಲು ಚೆಂದ. ನೀರು ತಿಳಿಯಿಂದ ಕಂದಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಮೇಲೆ ಮಳೆಯಾಗಿದೆ. ಆ ಕ್ಷಣವೇ ದಡ ಹತ್ತಬೇಕು, ಚಪ್ಪಲಿ ಹುಡುಕುತ್ತ ನಿಲ್ಲಬಾರದು.

ಬೇರೆ ಬಾಗಿಲುಗಳು

ಮುಖ್ಯ ರಸ್ತೆ ಬಿಟ್ಟು ಒಳಗಿನ ಕಾಲುದಾರಿಗಳಿಗೆ, ಶಿಲೊಂಡಾ, ನಾಗ್ಲಾ ಮೊದಲಾದವಕ್ಕೆ, ಅರಣ್ಯ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಿ ಬೇಕು. ಬೊರಿವಲಿ ಗೇಟಿನ ಬಳಿಯ ನಿಸರ್ಗ ಮಾಹಿತಿ ಕೇಂದ್ರದಲ್ಲಿ ಮೊದಲೇ ಹೆಸರು ಬರೆಸಿ. ಮುಂಬೈಯ ಅತಿ ಎತ್ತರದ ಜಾಗ ಜಾಂಭುಳ್‌ಮಾಳವೂ ಈ ಕಾಡಿನಲ್ಲೇ ಇದೆ, ಕೆರೆಗಳನ್ನು ಮೇಲಿನಿಂದ ನೋಡಲು ಅದೇ ಜಾಗ. ಅನುಮತಿ ಸಿಕ್ಕರೆ ಬಿಡಬೇಡಿ, ಸಿಗದಿದ್ದರೆ ಕಳ್ಳದಾರಿ ಹಿಡಿಯಬೇಡಿ. ಥಾಣೆಯವರಿಗೆ ಯೇವೂರ್ ಹತ್ತಿರ, ಬೆಳಗಿನ ಹಕ್ಕಿಗಳಿಗೆ ಬೊರಿವಲಿಗಿಂತ ಅದೇ ವಾಸಿ. ಗೋರೆಗಾಂವ್‌ನ ಫಿಲ್ಮ್ ಸಿಟಿ ರಸ್ತೆಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಶಿಕ್ಷಣ ಕೇಂದ್ರವಿದೆ. ಹಕ್ಕಿ, ಚಿಟ್ಟೆ ಹೊಸದಾಗಿ ಕಲಿಯುವವರು, ಮಕ್ಕಳಿರುವವರು ಮೊದಲು ಅಲ್ಲಿನ ನಡಿಗೆಗೆ ಹೋಗುವುದು ಒಳ್ಳೆಯದು.

ನಾಗ್ಲಾ ಉತ್ತರ ತುದಿಯಲ್ಲಿದೆ, ಘೋಡ್‌ಬಂದರ್ ರಸ್ತೆಯ ಆಚೆ, ವಸಾಯಿ ಖಾರಿಯ ದಂಡೆಗೆ. ಗುಡ್ಡದ ಕಾಡು ಇಳಿದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಸೇರುವುದನ್ನು ಒಂದೇ ನಡಿಗೆಯಲ್ಲಿ ಅಲ್ಲಿ ನೋಡಬಹುದು. ಹೋಗುವ ದಿನ ಉಬ್ಬರ ಇಳಿತದ ಹೊತ್ತು ನೋಡಿಕೊಳ್ಳಿ. ಇಳಿತ ಶುರುವಾಗಿ ಒಂದೆರಡು ಗಂಟೆಯಾದ ಮೇಲೆ ಕೆಸರು ಬಯಲಾಗಿ ಏಡಿ, ಕೆಸರುಮೀನು ಹೊರಬರುತ್ತವೆ, ಅವುಗಳ ಹಿಂದೆ ಮಿಂಚುಳ್ಳಿ, ಬೆಳ್ಳಕ್ಕಿ. ಉಬ್ಬರದ ಹೊತ್ತಿಗೆ ಹೋದರೆ ಬರೀ ನೀರು ಕಾಣುತ್ತದೆ. ಕೆಸರಿಗೆ ಹಳೆಯ ಬೂಟು ಹಾಕಿಕೊಂಡು, ಬದಲಿಸಲು ಚಪ್ಪಲಿ ಚೀಲದಲ್ಲಿ ಇಟ್ಟುಕೊಳ್ಳಿ.